ಮೊದಲ ಬೆಂಚಿನ ಮದರ್: ಅಮೆರಿಕದ ಹಳ್ಳಿಗಳಲ್ಲಿ ಬ್ಯಾಪ್ಟಿಸ್ಟ್ ಅಜ್ಜಿಯರ ಮಾತು ಯಾಕೆ ನಡೆಯುತ್ತೆ?

ಮಿಸಿಸಿಪ್ಪಿ, ಅಲಬಾಮಾ, ಜಾರ್ಜಿಯಾ ಕಡೆಯ ಹಳ್ಳಿಗಳಲ್ಲಿ ವಯಸ್ಸಾದ ಕಪ್ಪು ಹೆಂಗಸೊಬ್ಬರು ತೀರಿಕೊಂಡರೆ, ಊರಿನ ಪತ್ರಿಕೆಯಲ್ಲಿ ಬರುವ ನಿಧನ ವಾರ್ತೆ ಹೆಚ್ಚುಕಮ್ಮಿ ಒಂದೇ ಅಚ್ಚಿನಲ್ಲಿರುತ್ತೆ. ಚಿಕ್ಕ ವಯಸ್ಸಿನಲ್ಲೇ ಕ್ರಿಸ್ತನನ್ನು ಒಪ್ಪಿಕೊಂಡರು. ಇಂಥ ಮಿಷನರಿ ಬ್ಯಾಪ್ಟಿಸ್ಟ್ ಚರ್ಚ್ ಸೇರಿದರು. ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದರು, ಕಾಯರ್‌ನಲ್ಲಿ ಹಾಡಿದರು, ಕೊನೇ ತನಕ ಹಿರಿಯ ಹೆಂಗಸರ ಮದರ್ಸ್ ಬೋರ್ಡಿನಲ್ಲಿದ್ದರು. ಮಕ್ಕಳು ಇಷ್ಟು, ಮೊಮ್ಮಕ್ಕಳು ಇಷ್ಟು, ಮರಿಮಕ್ಕಳು ಬಹಳ.

ಓದಿದರೆ ಸಪ್ಪೆ ಅನ್ನಿಸುತ್ತೆ. ಆದರೆ ಈ ನಾಲ್ಕು ಸಾಲಿನ ಹಿಂದೆ ಒಂದು ವಿಚಿತ್ರವಾದ ಅಧಿಕಾರ ಇದೆ. ಈ ಅಜ್ಜಿ ಬದುಕಿಡೀ ಒಂದು ಸಲವೂ ಪ್ರಸಂಗ (ಬೋಧನೆ) ಮಾಡುವ ಪೀಠ ಹತ್ತಿರಲಿಕ್ಕಿಲ್ಲ. ಹತ್ತೋಕೆ ಬಿಡುತ್ತಿರಲಿಲ್ಲ. ಹಾಗಿದ್ದರೂ ಅವರನ್ನು ಎದುರು ಹಾಕಿಕೊಂಡು ಆ ಚರ್ಚಿನಲ್ಲಿ ಬಾಳಿದ ಪಾಸ್ಟರ್‌ಗಳು ಕಡಿಮೆ. ಪದವಿ ಇಲ್ಲದವರಿಗೆ ಇಷ್ಟು ಬಲ ಬಂದದ್ದು ಎಲ್ಲಿಂದ?

ಉತ್ತರ ಬ್ಯಾಪ್ಟಿಸ್ಟರ ಸ್ವಭಾವದಲ್ಲೇ ಇದೆ. 1609ರ ಹೊತ್ತಿಗೆ ಇಂಗ್ಲೆಂಡಿನ ಸರ್ಕಾರಿ ಚರ್ಚಿನ ಜೊತೆ ಜಗಳ ಮಾಡಿಕೊಂಡು ಆಮ್‌ಸ್ಟರ್‌ಡ್ಯಾಮಿಗೆ ಹೋಗಿದ್ದ ಒಂದು ಸಣ್ಣ ಗುಂಪಿನಿಂದ ಈ ಪಂಥ ಶುರುವಾಯಿತು. ಅವರ ಹಟ ಮುಖ್ಯವಾಗಿ ಎರಡು. ಏನೂ ತಿಳಿಯದ ಕೂಸಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡಬಾರದು, ತಾನಾಗಿ ನಂಬಿ ಬಂದವರಿಗೆ ಮಾತ್ರ ಕೊಡಬೇಕು. ಇನ್ನೊಂದು, ಪ್ರತಿಯೊಂದು ಸಭೆಯೂ (ಅಂದರೆ ಒಂದು ಚರ್ಚಿಗೆ ಸೇರಿದ ಜನ) ತನಗೆ ತಾನೇ ಯಜಮಾನ, ಮೇಲೆ ಯಾವ ದೊರೆಯೂ ಇಲ್ಲ. ಮೈಪೂರ್ತಿ ನೀರಿನಲ್ಲಿ ಮುಳುಗಿಸುವ ಪದ್ಧತಿ ಆಮೇಲೆ ಸೇರಿಕೊಂಡಿತು. ಈ ಪಂಥದ ಹೆಸರು ಕನ್ನಡಿಗರಿಗೆ ತೀರಾ ಹೊಸದೇನಲ್ಲ. 1817ರಲ್ಲಿ ಸೆರಾಂಪುರದಿಂದ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್ ಮಿಷನರಿಯೇ.

ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚುಗಳನ್ನು ನೋಡಿ. ಅಲ್ಲಿ ಬಿಷಪ್ ಇರುತ್ತಾರೆ, ಯಾವ ಸಭಾಪಾಲಕರು ಯಾವ ಊರಿಗೆ ಹೋಗಬೇಕು ಅನ್ನೋದು ಮೇಲಿನಿಂದ ತೀರ್ಮಾನವಾಗುತ್ತೆ. ಬ್ಯಾಪ್ಟಿಸ್ಟರಲ್ಲಿ ಹಾಗಿಲ್ಲ. ಪಾಸ್ಟರನ್ನು ಕರೆಸೋದು ಸಭೆ, ಸಂಬಳ ಗೊತ್ತು ಮಾಡೋದು ಸಭೆ, ಸಾಕು ಹೊರಡಿ ಅನ್ನೋದೂ ಸಭೆಯೇ. ಎಲ್ಲಕ್ಕೂ ಕೈ ಎತ್ತಿ ಮತ. ಭಾನುವಾರ ಬೆಂಚುಗಳಲ್ಲಿ ಕೂತವರನ್ನು ಎಣಿಸಿದರೆ ಗಂಡಸರಿಗಿಂತ ಹೆಂಗಸರೇ ಜಾಸ್ತಿ. ಅಷ್ಟೂ ಹೆಂಗಸರು ಮೊದಲು ಯಾರ ಮುಖ ನೋಡಿ ಕೈ ಎತ್ತುತ್ತಾರೆ ಅಂತ ಪಾಸ್ಟರಿಗೆ ಚೆನ್ನಾಗಿ ಗೊತ್ತು.

ಇದರ ಜೊತೆ ಹಳ್ಳಿಯ ಬಡತನವನ್ನೂ ಸೇರಿಸಿ ನೋಡಬೇಕು. ಹತ್ತಿ ಹೊಲದಲ್ಲಿ ಪಾಲಿಗೆ ದುಡಿಯುವ ಐವತ್ತು ಅರವತ್ತು ಕುಟುಂಬಗಳ ಸಭೆಗೆ ಪೂರ್ಣಾವಧಿ ಪಾಸ್ಟರನ್ನು ಸಾಕೋದು ಆಗದ ಮಾತು. ಹಾಗಾಗಿ ಒಬ್ಬ ಪಾಸ್ಟರಿಗೆ ಮೂರು ನಾಲ್ಕು ಚರ್ಚು ಇರುತ್ತಿದ್ದವು. ಮೊದಲ ಭಾನುವಾರ ಒಂದು ಊರು, ಎರಡನೇ ಭಾನುವಾರ ಇನ್ನೊಂದು. ಇಪ್ಪತ್ತನೇ ಶತಮಾನದ ಬಹುಭಾಗ ದಕ್ಷಿಣದ ಎಷ್ಟೋ ಹಳ್ಳಿ ಚರ್ಚುಗಳಲ್ಲಿ ತಿಂಗಳಿಗೆ ಒಂದೇ ಪ್ರಸಂಗ. ಈಗಲೂ ಕೆಲವು ಕಡೆ ಹಾಗೇ ನಡೆಯುತ್ತೆ. ಪಾಸ್ಟರ್ ಶನಿವಾರ ರಾತ್ರಿ ಬಂದು, ಯಾರದೋ ಮನೆಯಲ್ಲಿ ಊಟ ಮಾಡಿ, ಭಾನುವಾರ ಮಾತಾಡಿ ಹೊರಟರೆ ಮತ್ತೆ ಮುಖ ಕಾಣೋದು ಮುಂದಿನ ತಿಂಗಳು. ನಡುವೆ ಯಾರಿಗೋ ಜ್ವರ, ಯಾರದೋ ಹೆರಿಗೆ, ಗಂಡ ಹೆಂಡಿರ ಜಗಳ, ಒಂದು ಸಾವು. ಇದನ್ನೆಲ್ಲ ನೋಡೋರು ಯಾರು? ಡೀಕನ್‌ಗಳು ಅಂತ ಗಂಡಸರ ಒಂದು ತಂಡ ಇರುತ್ತೆ ನಿಜ. ಲೆಕ್ಕಪತ್ರ, ಬೀಗದ ಕೈ ಅವರದು. ಆದರೆ ರೋಗಿಯ ಮಂಚದ ಪಕ್ಕ ರಾತ್ರಿ ಕೂರೋದು, ಹೆಣ ತೊಳೆಯೋದು, ಉಪವಾಸ ಇರೋ ಮನೆಗೆ ಜೋಳದ ಹಿಟ್ಟು ಕಳಿಸೋದು ಅಜ್ಜಿಯರ ಪಾಲಿಗೆ ಬರುತ್ತಿತ್ತು. ಪಾಸ್ಟರ್‌ಗಳು ಬಂದು ಹೋಗುತ್ತಾರೆ, ಈ ಅಜ್ಜಿ ಮಾತ್ರ ಹುಟ್ಟಿದಾಗಿನಿಂದ ಅಲ್ಲೇ ಇದ್ದಾರೆ. ಅವರ ಬಲದ ಗುಟ್ಟು ಬಹುಪಾಲು ಇಷ್ಟೇ ಅಂತ ನನಗನ್ನಿಸುತ್ತೆ.

ಈಗ ಆ ನಿಧನ ವಾರ್ತೆಯ ಮೊದಲ ಸಾಲಿಗೆ ಬರೋಣ. ‘ಚಿಕ್ಕ ವಯಸ್ಸಿನಲ್ಲಿ ಕ್ರಿಸ್ತನನ್ನು ಒಪ್ಪಿಕೊಂಡರು’ ಅಂದರೆ ಸುಮ್ನೆ ಒಂದು ದಿನ ಹೂಂ ಅಂದದ್ದಲ್ಲ. ಹತ್ತಿಗೆ ಕಳೆ ಕಿತ್ತು ಮುಗಿದು, ಬಿಡಿಸೋಕೆ ಇನ್ನೂ ಸಮಯ ಇರುವ ಆಗಸ್ಟ್ ತಿಂಗಳಲ್ಲಿ ಹಳ್ಳಿ ಚರ್ಚುಗಳು ವಾರಗಟ್ಟಲೆ ರಾತ್ರಿ ಕೂಟ ಇಡುತ್ತವೆ. ಹನ್ನೆರಡು ವರ್ಷದ ಆಸುಪಾಸಿನ ಮಕ್ಕಳನ್ನು ಮುಂದಿನ ಬೆಂಚಿನಲ್ಲಿ ಕೂರಿಸುತ್ತಾರೆ. ಮೋರ್ನರ್ಸ್ ಬೆಂಚ್ ಅಂತ ಅದಕ್ಕೆ ಹೆಸರು, ಪಾಪಕ್ಕಾಗಿ ದುಃಖಿಸುವವರ ಜಾಗ. ನಿನಗೆ ಒಳಗಿನಿಂದ ಅನ್ನಿಸೋ ತನಕ ಏಳುವಂತಿಲ್ಲ. ಸುತ್ತ ವಯಸ್ಸಾದ ಹೆಂಗಸರು ಮಂಡಿಯೂರಿ, ಮಾತಿಲ್ಲದೆ ಗಂಟಲಲ್ಲೇ ರಾಗ ಎಳೆಯುತ್ತಾ ಪ್ರಾರ್ಥನೆ ಮಾಡುತ್ತಾರೆ. ಒಂದು ರಾತ್ರಿ ಆಗದಿದ್ದರೆ ಮರುದಿನ, ಆಗಲೂ ಇಲ್ಲದಿದ್ದರೆ ಮುಂದಿನ ವರ್ಷ. ಜೊತೆಗೆ ಕೂತ ಮಕ್ಕಳೆಲ್ಲ ಎದ್ದು ಹೋಗಿ ಒಬ್ಬರೇ ಉಳಿದರೆ ಆ ಮಗುವಿನ ಮೇಲೆ ಎಷ್ಟು ಒತ್ತಡ ಇರುತ್ತೆ ಯೋಚಿಸಿ. ಏನೂ ಅನ್ನಿಸದಿದ್ದರೂ ಅಜ್ಜಿಯ ಮುಖ ನೋಡಲಾಗದೆ ಎದ್ದ ಮಕ್ಕಳೂ ಇದ್ದಾರೆ.

ಎದ್ದವರಿಗೆ ಹೊಳೆಯಲ್ಲೋ ಕೆರೆಯಲ್ಲೋ ದೀಕ್ಷಾಸ್ನಾನ. ಬಿಳಿ ಬಟ್ಟೆಯ ನಿಲುವಂಗಿ ಹೊಲಿಯೋದು ಚರ್ಚಿನ ಹೆಂಗಸರು. ನೀರಿಗಿಳಿದಾಗ ಅಂಗಿ ಮೇಲೆ ತೇಲಿ ಹುಡುಗಿಯ ಮಾನ ಹೋಗಬಾರದು ಅಂತ ಕೆಳಗಿನ ಅಂಚಿನೊಳಗೆ ಭಾರ ಇಟ್ಟು ಹೊಲಿಯುವುದೂ ಉಂಟು. ತಲೆಗೆ ಬಿಳಿ ವಸ್ತ್ರ. ಮೊದಲು ಒಬ್ಬ ಡೀಕನ್ ಉದ್ದ ಕೋಲು ಹಿಡಿದು ನೀರಿಗಿಳಿದು ಆಳ ನೋಡುತ್ತಾನೆ. ದಡದಲ್ಲಿ ಒಬ್ಬರು ಹಾಡಿನ ಒಂದು ಸಾಲು ಹೇಳಿ ಕೊಡುತ್ತಾರೆ, ಉಳಿದವರು ಅದನ್ನೇ ನಿಧಾನವಾಗಿ ಎಳೆದೆಳೆದು ಹಾಡುತ್ತಾರೆ. ಓದು ಬರದವರೂ, ಹಾಡಿನ ಪುಸ್ತಕ ಕೊಳ್ಳಲಾಗದವರೂ ಹಾಡಲಿ ಅಂತ ಬಂದ ಪದ್ಧತಿ ಇದು. ಪಾಸ್ಟರ್ ಒಂದು ಕಡೆ, ಡೀಕನ್ ಒಂದು ಕಡೆ ಹಿಡಿದು ಹಿಂದಕ್ಕೆ ಮುಳುಗಿಸಿ ಎತ್ತುತ್ತಾರೆ. ಎದ್ದು ಬಂದ ಮಗುವನ್ನು ಮೊದಲು ತಬ್ಬಿ ಹಿಡಿಯೋದು ದಡದಲ್ಲಿ ಟವೆಲ್, ಕೌದಿ ಹಿಡಿದು ನಿಂತ ಅಜ್ಜಿಯರು.

ಎರಡನೇ ಸಾಲಿನ ‘ಮಿಷನರಿ ಬ್ಯಾಪ್ಟಿಸ್ಟ್’ ಅನ್ನೋದು ಹಳೇ ಜಗಳದ ಗುರುತು. ಮಿಷನ್ ಸಂಘ ಕಟ್ಟಿ ಧರ್ಮ ಸಾರಬೇಕೋ ಬೇಡವೋ ಅಂತ 1820, 30ರ ದಶಕಗಳಲ್ಲಿ ಅಮೆರಿಕದ ಬ್ಯಾಪ್ಟಿಸ್ಟರು ಒಡೆದರು. ಬೇಕು ಅಂದವರು ಮಿಷನರಿ, ಬೇಡ ಅಂದವರು ಪ್ರಿಮಿಟಿವ್. ಅದಕ್ಕಿಂತ ದೊಡ್ಡ ಒಡಕು 1845ರದು. ಗುಲಾಮರನ್ನು ಇಟ್ಟುಕೊಂಡವರು ಮಿಷನರಿ ಆಗಬಹುದೇ ಅನ್ನೋ ಪ್ರಶ್ನೆಗೆ ಆಗಬಹುದು ಅಂದ ದಕ್ಷಿಣದ ಬಿಳಿಯರು ಜಾರ್ಜಿಯಾದ ಆಗಸ್ಟಾದಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಅನ್ನೋ ಚರ್ಚುಗಳ ಒಕ್ಕೂಟ ಕಟ್ಟಿಕೊಂಡರು. ಅದಕ್ಕೆ ಅವರು ಕ್ಷಮೆ ಕೇಳಿದ್ದು 1995ರಲ್ಲಿ, ನೂರೈವತ್ತು ವರ್ಷದ ಮೇಲೆ. ಗುಲಾಮಗಿರಿ ಮುಗಿದ ಮೇಲೆ ಕಪ್ಪು ಜನ ಬಿಳಿಯರ ಚರ್ಚಿನ ಹಿಂದಿನ ಬೆಂಚು ಬಿಟ್ಟು ತಮ್ಮದೇ ಚರ್ಚುಗಳನ್ನು ಕಟ್ಟಿಕೊಂಡರು. 1895ರಲ್ಲಿ ಅಟ್ಲಾಂಟಾದಲ್ಲಿ ಅವರದೇ ಒಕ್ಕೂಟ, ನ್ಯಾಷನಲ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಆಯಿತು. ಮತ ಹಾಕೋಕೆ, ಅಂಗಡಿಯ ಮುಂಬಾಗಿಲಿನಿಂದ ಹೋಗೋಕೆ ಬಿಡದ ಊರಲ್ಲಿ ಚರ್ಚು ಒಂದೇ ಅವರ ಸ್ವಂತ ಜಾಗ. ಶಾಲೆ, ಸಾವಿನ ಖರ್ಚಿನ ಚೀಟಿ, ಪಂಚಾಯ್ತಿ ಎಲ್ಲವೂ ಅಲ್ಲೇ. ಚರ್ಚಿನಲ್ಲಿ ಮಾತು ನಡೆದರೆ ಊರಿನಲ್ಲಿ ನಡೆದ ಹಾಗೇ.

ಮದರ್ಸ್ ಬೋರ್ಡ್ ಅಂದ್ರೆ ಚರ್ಚಿನ ಹಿರಿಯ ಹೆಂಗಸರ ಕೂಟ. ಇದಕ್ಕೆ ಚುನಾವಣೆ ಅಂತ ಸಾಮಾನ್ಯವಾಗಿ ಇರಲ್ಲ. ವಯಸ್ಸು, ನಡತೆ, ಎಷ್ಟು ವರ್ಷದಿಂದ ಇದ್ದಾರೆ ಅನ್ನೋದರ ಮೇಲೆ ಗೌರವ ತಾನಾಗಿ ಬರುತ್ತೆ. ಹೆತ್ತ ಮಕ್ಕಳು ಇರಲೇಬೇಕು ಅಂತಿಲ್ಲ. ಅವರನ್ನು ಹೆಸರಿಗೆ ಮೊದಲು ಮದರ್ ಅಂತ ಸೇರಿಸಿಯೇ ಕರೀಬೇಕು, ಪಾಸ್ಟರ್ ಕೂಡ. ಜಾಗ ಮೊದಲ ಬೆಂಚಿನಲ್ಲಿ. ಕರ್ತನ ಭೋಜನದ (ಯೇಸುವಿನ ಕೊನೆಯ ಊಟವನ್ನು ನೆನೆಯುವ ವಿಧಿಯ) ಭಾನುವಾರ ತಲೆಯಿಂದ ಕಾಲಿನವರೆಗೆ ಬಿಳಿ: ಬಿಳಿ ಉಡುಪು, ಬಿಳಿ ಟೋಪಿ, ಕೆಲವು ಕಡೆ ಬಿಳಿ ಕೈಗವಸು. ಮೇಜಿನ ಮೇಲಿನ ಬಟ್ಟೆಯನ್ನು ಗಂಜಿ ಹಾಕಿ ಇಸ್ತ್ರಿ ಮಾಡಿ ತರೋದು, ಪುಟ್ಟ ಲೋಟಗಳಿಗೆ ದ್ರಾಕ್ಷಿ ರಸ ತುಂಬೋದು ಹೆಂಗಸರ ಕೆಲಸ. ಹೌದು, ರಸವೇ, ವೈನ್ ಅಲ್ಲ. ಎಷ್ಟೋ ಚರ್ಚುಗಳು ಓದುವ 1853ರ ಒಂದು ಒಡಂಬಡಿಕೆಯಲ್ಲಿ ಮದ್ಯ ಮಾರಬಾರದು, ಕುಡಿಯಬಾರದು ಅಂತ ಇದೆ. ಅಜ್ಜಿಯರು ಅದನ್ನು ಪಾಲಿಸೋದಲ್ಲದೆ ಊರೆಲ್ಲ ಪಾಲಿಸುತ್ತಾ ಅಂತ ನೋಡುತ್ತಿರುತ್ತಾರೆ.

ಪ್ರಸಂಗ ನಡೆಯುವಾಗ ಈ ಬೆಂಚು ಸುಮ್ನೆ ಇರಲ್ಲ. ಕಪ್ಪು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಕೇಳುವವರು ಮಾತಿಗೆ ಮಾತು ಕೊಡುತ್ತಾರೆ. ಚೆನ್ನಾಗಿದ್ದರೆ ಆಮೆನ್, ಹೌದು ಕರ್ತನೇ. ಪಾಸ್ಟರ್ ದಾರಿ ತಪ್ಪಿ ಸುತ್ತಾಡುತ್ತಿದ್ದರೆ ಮೊದಲ ಬೆಂಚಿನಿಂದ ಒಂದು ದನಿ: ‘ಕರ್ತನೇ, ಅವರಿಗೆ ಸಹಾಯ ಮಾಡು.’ ಕೇಳೋಕೆ ಪ್ರಾರ್ಥನೆ. ಅದು ವಿಮರ್ಶೆ ಅಂತ ಒಳಗಿದ್ದ ಎಲ್ಲರಿಗೂ ಅರ್ಥವಾಗುತ್ತೆ, ಮಾತಾಡುತ್ತಿರುವವರಿಗೂ.

ದುಡ್ಡಿನ ದಾರಿಯೂ ಅಡುಗೆಮನೆಯಿಂದಲೇ. ಸೂರು ಸೋರುತ್ತಿದೆಯಾ? ಹುರಿದ ಕೋಳಿ, ಕಾಲರ್ಡ್ ಸೊಪ್ಪು, ಗೆಣಸಿನ ಪೈ ಸೇರಿಸಿ ಊಟದ ತಟ್ಟೆ ಕಟ್ಟಿ ಮಾರೋದು. ಡೀಕನ್‌ಗಳು ಲೆಕ್ಕ ಬರೆಯಬಹುದು, ಲೆಕ್ಕಕ್ಕೆ ಬರುವ ದುಡ್ಡು ಒಲೆಯ ಮುಂದೆ ನಿಂತವರದು.

ಇದನ್ನೆಲ್ಲ ತೀರಾ ಚಂದ ಮಾಡಿ ಹೇಳೋಕೆ ನನಗೆ ಇಷ್ಟವಿಲ್ಲ. ಈ ಅಧಿಕಾರಕ್ಕೆ ಸಂಬಳವಿಲ್ಲ, ಸಹಿ ಹಾಕುವ ಹಕ್ಕಿಲ್ಲ. ಅಲ್ಲದೆ ಅದು ಹಲವು ಸಲ ಇತರ ಹೆಂಗಸರ ಮೇಲೇ ಬೀಳುತ್ತಿತ್ತು. ಮದುವೆಗೆ ಮುಂಚೆ ಬಸುರಾದ ಹುಡುಗಿ ಸಭೆಯ ಮುಂದೆ ನಿಂತು ಕ್ಷಮೆ ಕೇಳಬೇಕಾದ ಪದ್ಧತಿ ಎಷ್ಟೋ ಚರ್ಚುಗಳಲ್ಲಿತ್ತು. ಅದಕ್ಕೆ ಕಾರಣನಾದ ಹುಡುಗ ಹಿಂದಿನ ಬೆಂಚಿನಲ್ಲಿ ಆರಾಮಾಗಿ ಕೂತಿರುತ್ತಿದ್ದ. ಆ ಹುಡುಗಿಯನ್ನು ನಿಲ್ಲಿಸಿದವರಲ್ಲಿ ಅಜ್ಜಿಯರೂ ಇದ್ದರು. ರಾತ್ರಿ ಅದೇ ಹುಡುಗಿಯ ಮನೆಗೆ ಕೂಸಿನ ಬಟ್ಟೆ ಹೊತ್ತು ಹೋದವರೂ ಅವರೇ ಇರಬಹುದು. ಎರಡೂ ನಿಜ.

ಪೀಠ ಸಿಗದ ಹೆಂಗಸರು ಊರಾಚೆಗೂ ಬೇರೆ ದಾರಿ ಹುಡುಕಿಕೊಂಡರು. 1900ರಲ್ಲಿ ವರ್ಜೀನಿಯಾದ ರಿಚ್ಮಂಡ್‌ನಲ್ಲಿ 21 ವರ್ಷದ ನ್ಯಾನಿ ಹೆಲೆನ್ ಬರೋಸ್, ಹೆಂಗಸರು ನೆರವಾಗೋಕೆ ಬಂದರೆ ಹೇಗೆ ಅಡ್ಡಗಾಲು ಹಾಕುತ್ತಾರೆ ಅಂತ ನ್ಯಾಷನಲ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಮುಂದೆ ನಿಂತು ಹೇಳಿದರು. ಆ ವರ್ಷವೇ ಕಪ್ಪು ಬ್ಯಾಪ್ಟಿಸ್ಟ್ ಹೆಂಗಸರ ಸ್ವಂತ ಕನ್ವೆನ್ಷನ್ ಹುಟ್ಟಿತು. 1909ರಲ್ಲಿ ಬರೋಸ್ ವಾಷಿಂಗ್ಟನ್‌ನಲ್ಲಿ ಹುಡುಗಿಯರಿಗೆ ಶಾಲೆ ತೆರೆದರು. ಅದು ನಡೆದದ್ದು ಹೆಚ್ಚಾಗಿ ಬಡ ಹೆಂಗಸರ ಸಣ್ಣ ಸಣ್ಣ ಕಾಣಿಕೆಗಳಿಂದ.

ಬಿಳಿಯರ ಕಡೆಯೂ ಇಂಥದೇ ಒಂದು ಕಥೆ ಇದೆ, ಅದು ಬೆಂಗಳೂರಿನ ತನಕ ಬರುತ್ತೆ. ಚೀನಾದಲ್ಲಿ ಮಿಷನರಿಯಾಗಿದ್ದ ಲಾಟಿ ಮೂನ್ 1887ರಲ್ಲಿ, ಕ್ರಿಸ್‌ಮಸ್ ಸಮಯದಲ್ಲಿ ಹೆಂಗಸರು ಮಿಷನ್ನಿಗೆ ಅಂತ ಪ್ರತ್ಯೇಕ ಕಾಣಿಕೆ ಎತ್ತಬಾರದೇಕೆ ಅಂತ ಬರೆದರು. ಮರುವರ್ಷ ಸದರ್ನ್ ಬ್ಯಾಪ್ಟಿಸ್ಟ್ ಹೆಂಗಸರು ಮಿಷನರಿ ಯೂನಿಯನ್ ಕಟ್ಟಿ, 2,000 ಡಾಲರ್ ಗುರಿ ಇಟ್ಟು 3,315 ಡಾಲರ್ ಕೂಡಿಸಿದರು. ಆ ಕಾಣಿಕೆಗೆ ಈಗ ಲಾಟಿ ಮೂನ್ ಹೆಸರೇ ಇದೆ. ಅದು ಹೋಗೋದು ಆ ಪಂಥದ ವಿದೇಶಿ ಮಿಷನ್ ಮಂಡಳಿಗೆ. ಹೆಬ್ಬಾಳದಲ್ಲಿ 1973ರಲ್ಲಿ ಶುರುವಾದ ಬ್ಯಾಪ್ಟಿಸ್ಟ್ ಆಸ್ಪತ್ರೆಯನ್ನು ಕಟ್ಟಿದ್ದು ಇದೇ ಮಂಡಳಿ. ಬಳ್ಳಾರಿ ರಸ್ತೆಯಲ್ಲಿ ದಿನಾ ಓಡಾಡುವ ನಮಗೆ ಟೆನೆಸ್ಸಿಯಲ್ಲೋ ಅಲಬಾಮಾದಲ್ಲೋ ಲಕೋಟೆಗೆ ಡಾಲರ್ ತುರುಕಿದ ಅಜ್ಜಿಯರ ನೆನಪು ಬರೋದಿಲ್ಲ ಬಿಡಿ.

ಆದರೆ ಮೊದಲ ಬೆಂಚಿನ ಬಲ ಎಲ್ಲಿಯ ತನಕ ಹೋಗಬಲ್ಲದು ಅಂತ ನೋಡಬೇಕಾದರೆ ಕಪ್ಪು ಜನರ ಮತದ ಹಕ್ಕಿಗಾಗಿ ಹೋರಾಡಿದ ಫ್ಯಾನಿ ಲೂ ಹ್ಯಾಮರ್ ಅವರ ಬದುಕನ್ನೇ ನೋಡಬೇಕು. 1917ರಲ್ಲಿ ಮಿಸಿಸಿಪ್ಪಿಯಲ್ಲಿ, ಇಪ್ಪತ್ತು ಮಕ್ಕಳ ಮನೆಯಲ್ಲಿ ಕೊನೆಯವರಾಗಿ ಹುಟ್ಟಿದರು. ಆರನೇ ವಯಸ್ಸಿಗೇ ಹತ್ತಿ ಬಿಡಿಸೋಕೆ ಇಳಿದರು. ಹನ್ನೆರಡಕ್ಕೆ ಕ್ವಿವರ್ ನದಿಯಲ್ಲಿ ದೀಕ್ಷಾಸ್ನಾನ. ಶಾಲೆಗೆ ಹೋದದ್ದು ಕೆಲವೇ ವರ್ಷ, ಸತ್ಯವೇದ (ಬೈಬಲ್) ಮಾತ್ರ ಬಾಯಲ್ಲೇ ಇತ್ತು. 1961ರಲ್ಲಿ ಗಡ್ಡೆ ತೆಗೆಸೋಕೆ ಅಂತ ಆಸ್ಪತ್ರೆಗೆ ಹೋದರೆ, ಕೇಳದೆ ಹೇಳದೆ ಗರ್ಭಕೋಶವನ್ನೇ ತೆಗೆದುಹಾಕಿದರು. ಅಲ್ಲಿನ ಬಡ ಕಪ್ಪು ಹೆಂಗಸರಿಗೆ ಇದು ಎಷ್ಟು ಮಾಮೂಲಾಗಿತ್ತು ಅಂದರೆ ಅದಕ್ಕೊಂದು ಅಡ್ಡಹೆಸರೇ ಇತ್ತು. ಹ್ಯಾಮರ್ ದಂಪತಿ ಬೇರೆಯವರ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದರು. ಸಾಕಿದ ಮಗಳು ಒಬ್ಬಳು ತೀರಿಕೊಂಡಾಗ ಅವಳ ಮಕ್ಕಳನ್ನೂ ಸಾಕಿದರು.

1962ರ ಆಗಸ್ಟ್‌ನಲ್ಲಿ ರೂಲ್‌ವಿಲ್ ಊರಿನ ವಿಲಿಯಮ್ಸ್ ಚಾಪೆಲ್ ಮಿಷನರಿ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಒಂದು ಸಭೆ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಬಗ್ಗೆ. ಕಪ್ಪು ಜನರಿಗೆ ಮತದ ಹಕ್ಕಿದೆ ಅಂತಲೇ 44ರ ಹ್ಯಾಮರ್‌ಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಆಗಸ್ಟ್ 31ರಂದು ಒಟ್ಟು 18 ಜನ ಹೆಸರು ಬರೆಸೋಕೆ ಹಳೇ ಬಸ್ಸೊಂದರಲ್ಲಿ ಇಂಡಿಯನೋಲಾ ಊರಿಗೆ ಹೋದರು. ರಾಜ್ಯ ಸಂವಿಧಾನದ ಒಂದು ಕಲಮನ್ನು ವಿವರಿಸು ಅಂತ ಪರೀಕ್ಷೆ. ಕುದುರೆಗೆ ಕ್ರಿಸ್‌ಮಸ್ ಬಗ್ಗೆ ಎಷ್ಟು ಗೊತ್ತೋ ನನಗೂ ಅದರ ಬಗ್ಗೆ ಅಷ್ಟೇ ಗೊತ್ತಿತ್ತು ಅಂತ ಆಮೇಲೆ ಹೇಳಿಕೊಂಡು ನಗುತ್ತಿದ್ದರು. ವಾಪಸ್ ಬರುವಾಗ ಪೊಲೀಸರು ಬಸ್ ತಡೆದರು. ಕಾರಣ, ಬಸ್ಸಿನ ಬಣ್ಣ ಅತಿ ಹಳದಿ ಅಂತ! ಒಳಗೆ ಎಲ್ಲರೂ ಹೆದರಿ ಕೂತಿದ್ದಾಗ ಹಿಂದಿನಿಂದ ಒಂದು ದನಿ ಚರ್ಚಿನ ಹಾಡು ಎತ್ತಿತು. ಅದು ಹ್ಯಾಮರ್ ದನಿ. ಅದೇ ರಾತ್ರಿ, ಹದಿನೆಂಟು ವರ್ಷ ದುಡಿದ ಜಮೀನಿನಿಂದ ಅವರನ್ನು ಹೊರಗೆ ಹಾಕಿದರು.

ಇಲ್ಲಿ ಗಮನಿಸಬೇಕಾದ್ದು ಆ ಹಾಡು. ಹೆದರಿದ ಜನರ ನಡುವೆ ಒಬ್ಬರು ಸಾಲು ಎತ್ತಿದರೆ ಉಳಿದವರು ಹಿಡಿದುಕೊಳ್ಳುವುದು ನದಿಯ ದಡದಲ್ಲಿ, ಸಾವಿನ ಮನೆಯಲ್ಲಿ ಅವರಿಗೆಲ್ಲ ರೂಢಿಯಾಗಿತ್ತು. ಕಪ್ಪು ಜನರ ಹಕ್ಕುಗಳ ಚಳವಳಿಯವರು ಅದನ್ನು ಹೊಸದಾಗಿ ಕಲಿಸಬೇಕಾಗಿ ಬರಲಿಲ್ಲ.

1963ರ ಜೂನ್‌ನಲ್ಲಿ ವಿನೋನಾ ಊರಿನ ಜೈಲಿನಲ್ಲಿ ಪೊಲೀಸರು ಹ್ಯಾಮರ್ ಅವರನ್ನು ಹೊಡೆಸಿದರು. ಆ ಪೆಟ್ಟಿನ ನೋವು ಸಾಯುವ ತನಕ ಹೋಗಲಿಲ್ಲ. ಅಲ್ಲಿ ಜೈಲರನ ಹೆಂಡತಿ ಕುಡಿಯೋಕೆ ನೀರು ತಂದು ಕೊಟ್ಟಾಗ, ತಾನು ಕ್ರೈಸ್ತಳಾಗಿ ಬಾಳೋಕೆ ನೋಡುತ್ತೇನೆ ಅಂದರಂತೆ. ಆಕೆಗೆ ಹ್ಯಾಮರ್, ಸತ್ಯವೇದದ ಎರಡು ವಚನ ಓದಿ ಅಂತ ಹೇಳಿದರು. ಒಂದು ಜ್ಞಾನೋಕ್ತಿ 26:26, ಮುಚ್ಚಿಟ್ಟ ದ್ವೇಷ ಸಭೆಯ ಮುಂದೆ ಬಯಲಾಗುತ್ತೆ ಅನ್ನೋದು. ಇನ್ನೊಂದು ಅಪೊಸ್ತಲರ ಕೃತ್ಯಗಳು 17:26, ದೇವರು ಎಲ್ಲ ಜನಾಂಗಗಳನ್ನೂ ಒಂದೇ ಮೂಲದಿಂದ ಹುಟ್ಟಿಸಿದ ಅನ್ನೋದು. ಮೈ ಊದಿಕೊಂಡು ಬಿದ್ದಿದ್ದಾಗಲೂ ಸಂಡೇ ಸ್ಕೂಲ್ ಪಾಠ ನಿಂತಿರಲಿಲ್ಲ.

1964ರ ಆಗಸ್ಟ್ 22ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಿತಿಯ ಮುಂದೆ ಅವರು ಇದನ್ನೆಲ್ಲ ಹೇಳಿದರು. ಟೀವಿಯಲ್ಲಿ ಅವರು ಕಾಣದಿರಲಿ ಅಂತ ಅಧ್ಯಕ್ಷ ಲಿಂಡನ್ ಜಾನ್ಸನ್ ದಿಢೀರ್ ಪತ್ರಿಕಾಗೋಷ್ಠಿ ಕರೆದರು. ಚಾನೆಲ್‌ಗಳು ರಾತ್ರಿ ಹ್ಯಾಮರ್ ಮಾತನ್ನು ಮತ್ತೆ ಹಾಕಿದವು, ದೇಶವೆಲ್ಲ ನೋಡಿತು. 1969ರಲ್ಲಿ ಸನ್‌ಫ್ಲವರ್ ಕೌಂಟಿಯಲ್ಲಿ 40 ಎಕರೆಯಿಂದ ಫ್ರೀಡಂ ಫಾರ್ಮ್ ಸಹಕಾರಿ ಶುರು ಮಾಡಿದರು. ಜೊತೆಗೆ ಹಂದಿ ಬ್ಯಾಂಕ್. ಬಡ ಮನೆಗೆ ಹೆಣ್ಣು ಹಂದಿ ಕೊಡೋದು, ಮರಿ ಹಾಕಿದ ಮೇಲೆ ಕೆಲವು ಮರಿಗಳನ್ನು ಬ್ಯಾಂಕಿಗೆ ವಾಪಸ್ ಪಡೆದು ಇನ್ನೊಂದು ಮನೆಗೆ ಕೊಡೋದು. ಕಷ್ಟದ ಮನೆಗೆ ಹಿಟ್ಟು ಕಳಿಸುವ ಅಜ್ಜಿಯ ಲೆಕ್ಕಾಚಾರವೇ, ಪ್ರಮಾಣ ದೊಡ್ಡದು ಅಷ್ಟೇ. ಚಳವಳಿಗೆ ಬಾಗಿಲು ತೆರೆಯದ ಪಾಸ್ಟರ್‌ಗಳನ್ನು ಅವರು ‘ಕೋಳಿ ತಿನ್ನೋ ಬೋಧಕರು’ ಅಂತ ಮುಲಾಜಿಲ್ಲದೆ ಬೈಯುತ್ತಿದ್ದರು. ಆ ಕೋಳಿ ಹುರಿದು ಬಡಿಸಿದವರಿಗೆ ಹಾಗೆ ಬೈಯುವ ಹಕ್ಕೂ ಇತ್ತು ಅಲ್ವಾ? 1977ರ ಮಾರ್ಚ್ 14ರಂದು ತೀರಿಕೊಂಡಾಗ ಅವರಿಗೆ 59. ಅಂತ್ಯಕ್ರಿಯೆ ನಡೆದದ್ದು ಅದೇ ವಿಲಿಯಮ್ಸ್ ಚಾಪೆಲ್‌ನಲ್ಲಿ.

ಹಳ್ಳಿಗಳು ಆಗಲೇ ಖಾಲಿಯಾಗುತ್ತಿದ್ದವು. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಶಿಕಾಗೊ, ಡೆಟ್ರಾಯಿಟ್ ಕಡೆ ಹೋದರು. ಮಕ್ಕಳನ್ನು ಬೇಸಿಗೆ ರಜೆಗೆ ಅಜ್ಜಿಯ ಹತ್ತಿರ ಕಳಿಸೋದು ಮಾತ್ರ ನಿಲ್ಲಲಿಲ್ಲ. ಎಷ್ಟೋ ಚರ್ಚುಗಳಲ್ಲಿ ವರ್ಷಕ್ಕೊಮ್ಮೆ ಹೋಂಕಮಿಂಗ್ ಭಾನುವಾರ ಇರುತ್ತೆ. ಊರ ಜಾತ್ರೆಗೆ ಬೆಂಗಳೂರಿನಿಂದ ಮಂದಿ ಬಂದ ಹಾಗೆ ಕಾರುಗಳು ಬಂದು ನಿಲ್ಲುತ್ತವೆ, ಅಂಗಳದಲ್ಲಿ ಊಟ, ಪಕ್ಕದ ಸಮಾಧಿಗಳಿಗೆ ಹೂವು.

ಇನ್ನು ಪೀಠದ ಪ್ರಶ್ನೆ. ಸದರ್ನ್ ಬ್ಯಾಪ್ಟಿಸ್ಟರು 2000ದಲ್ಲಿ ಪಾಸ್ಟರ್ ಹುದ್ದೆ ಗಂಡಸರಿಗೆ ಮಾತ್ರ ಅಂತ ತಮ್ಮ ನಂಬಿಕೆಯ ಹೇಳಿಕೆಯಲ್ಲೇ ಬರೆದರು. ಮಹಿಳಾ ಪಾಸ್ಟರ್ ಇದ್ದಾರೆ ಅನ್ನೋ ಕಾರಣಕ್ಕೆ 2023ರಲ್ಲಿ ಕ್ಯಾಲಿಫೋರ್ನಿಯಾದ ದೊಡ್ಡ ಚರ್ಚು ಸ್ಯಾಡಲ್‌ಬ್ಯಾಕನ್ನೇ ಹೊರಗೆ ಹಾಕಿದರು. ಈ ನಿಷೇಧವನ್ನು ಕನ್ವೆನ್ಷನ್ನಿನ ಸಂವಿಧಾನಕ್ಕೇ ಸೇರಿಸುವ ಪ್ರಯತ್ನ ಮಾತ್ರ 2024ರಲ್ಲಿ ಮೂರನೇ ಎರಡರಷ್ಟು ಮತ ಸಿಗದೆ ಬಿತ್ತು. ಕಪ್ಪು ಬ್ಯಾಪ್ಟಿಸ್ಟರಲ್ಲಿ ಇದು ಆಯಾ ಸಭೆಗೆ ಬಿಟ್ಟದ್ದು. ನಗರಗಳಲ್ಲಿ ಹೆಂಗಸರು ಪಾಸ್ಟರ್ ಆಗಿದ್ದಾರೆ, ಹಳ್ಳಿಗಳಲ್ಲಿ ಅಪರೂಪ. ಅಲ್ಲಿ ಬೇಡ ಅನ್ನುವವರಲ್ಲಿ ಮೊದಲ ಬೆಂಚಿನ ಅಜ್ಜಿಯರೂ ಇರುತ್ತಾರೆ. ಹೊರಗಿನವರಿಗೆ ಇದು ಮೂಢತನದ ಹಾಗೆ ಕಾಣಬಹುದು. ನನಗೆ ಹಾಗನ್ನಿಸಲ್ಲ. ಪೀಠದಲ್ಲಿ ನಿಂತವರನ್ನು ಮತ ಹಾಕಿ ಕಳಿಸಿದ್ದನ್ನು ಅವರು ಎಷ್ಟು ಸಲ ನೋಡಿದ್ದಾರೋ. ಬೆಂಚಿನಲ್ಲಿ ಕೂತ ಮದರನ್ನು ಯಾರೂ ಮತ ಹಾಕಿ ಎಬ್ಬಿಸಿದ್ದಿಲ್ಲ. ಮೊಮ್ಮಗಳಿಗೆ ಈ ವಾದ ಒಪ್ಪಿಗೆಯಾಗದೆ ಅವಳು ದೇವತಾಶಾಸ್ತ್ರ ಓದೋಕೆ ಹೊರಟರೆ, ಫೀಸಿಗೆ ಊಟದ ತಟ್ಟೆ ಮಾರುವ ಕೆಲಸಕ್ಕೂ ಅವರೇ ನಿಲ್ಲಬಹುದು.